ಮಾರ್ಚ್ ತಿಂಗಳ ಜಪಾನಿ ಹಾಡುಗಳು

ನಮ್ಮ ತರಗತಿಯಲ್ಲಿ ನರುಟೊ ನೋಡದವರನ್ನು ಹುಡುಕುವುದು ಕಷ್ಟ. ಎರಡೂ ಕೈಗಳನ್ನು ಹಿಂದಕ್ಕೆ ಚಾಚಿಕೊಂಡು ಕಾರಿಡಾರಿನಲ್ಲಿ ಓಡಿ ಬೈಸಿಕೊಂಡ ಹುಡುಗರು ಯಾರೆಂದು ಎಲ್ಲರಿಗೂ ಗೊತ್ತಿದೆ, ಇಲ್ಲಿ ಹೆಸರು ಬೇಡ. ಹಾಗಾಗಿ 'ಬ್ಲೂ ಬರ್ಡ್' ಎಂದರೆ ಯಾವ ಹಾಡು ಎಂದು ಬಹಳ ಜನರಿಗೆ ನಾನು ವಿವರಿಸಬೇಕಾಗಿಲ್ಲ. ಅದನ್ನು ಹಾಡಿದ ತಂಡದ ಹೆಸರು ಇಕಿಮೊನೊ ಗಾಕಾರಿ. ಹೆಸರಿನ ಅರ್ಥ ತಿಳಿದಾಗ ನನಗೆ ನಗು ಬಂತು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ತರಗತಿಯ ಚಿಕ್ಕಪುಟ್ಟ ಕೆಲಸಗಳನ್ನು ಮಕ್ಕಳಿಗೇ ಹಂಚುತ್ತಾರೆ. ಕೆಲವರು ಬೋರ್ಡ್ ಒರೆಸಬೇಕು, ಕೆಲವರು ಊಟ ಬಡಿಸಬೇಕು, ಕೆಲವರು ತರಗತಿಯಲ್ಲಿ ಸಾಕಿರುವ ಪ್ರಾಣಿಗಳನ್ನು ನೋಡಿಕೊಳ್ಳಬೇಕು. ಆ ಕೊನೆಯ ಕೆಲಸದವರೇ 'ಇಕಿಮೊನೊ ಗಾಕಾರಿ'. ತಂಡ ಕಟ್ಟಿದ ಇಬ್ಬರು ಹುಡುಗರು ಒಂದನೇ ಕ್ಲಾಸಿನಲ್ಲಿ ಗೋಲ್ಡ್‌ಫಿಶ್‌ಗೆ ತಿಂಡಿ ಹಾಕುವ ಕೆಲಸದಲ್ಲಿದ್ದರಂತೆ. ದೊಡ್ಡವರಾಗಿ ಹಾಡುಗಾರರಾದರೂ ಅದೇ ಹೆಸರು ಇಟ್ಟುಕೊಂಡರು.

ನನ್ನ ಅಣ್ಣ ಸೌದಿಗೆ ಹೋಗುವಾಗ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದ. ಅದರಲ್ಲಿ 'ಬ್ಲೂ ಬರ್ಡ್' ಕೇಳುತ್ತಾ ಲೆಕ್ಕ ಮಾಡುವಾಗ ಅದು ಮುಗಿದು ತಾನಾಗಿಯೇ ಮುಂದಿನ ಹಾಡು ಶುರುವಾಯಿತು. ಅದೇ ತಂಡದ್ದು, 2006ರ ಮಾರ್ಚ್‌ನಲ್ಲಿ ಬಂದ ಅವರ ಮೊದಲ ದೊಡ್ಡ ಹಾಡು, ಹೆಸರು 'ಸಾಕುರಾ'. ಚೆರಿ ಹೂವು ಎಂದರ್ಥ. ಉದುರುವ ಹೂವು, ಒಡಾಕ್ಯು ಎಂಬ ರೈಲು ಮಾರ್ಗದ ಕಿಟಕಿ, ದೂರವಾದ ಒಬ್ಬ ಗೆಳೆಯನ ನೆನಪು, ಇಷ್ಟೇ ಅದರಲ್ಲಿರುವುದು. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಓದುತ್ತಾ ನಾನು ಲೆಕ್ಕ ಬಿಟ್ಟು ಕುಳಿತೆ. ಅಡುಗೆಮನೆಯಿಂದ ಉಮ್ಮ, "ಅವರೇ ಸಾಕು ಸಾಕು ಅಂತ ಹಾಡ್ತಿದ್ದಾರೆ, ನಿನಗೆ ಇನ್ನೂ ಸಾಕಾಗಲಿಲ್ವಾ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಈ ಹಾಡುಗಳಿಗೆಲ್ಲ 'ಸಾಕು ಹಾಡು' ಎಂದೇ ಹೆಸರು.

ಆಮೇಲೆ ತಿಳಿದದ್ದು, 'ಸಾಕುರಾ' ಎಂಬ ಹೆಸರಿನ ಹಾಡು ಒಂದಲ್ಲ, ಹಲವು ಇವೆ ಎಂದು. 2003ರಲ್ಲಿ ಮೊರಿಯಾಮಾ ನಾವೊತಾರೊ ಹಾಡಿದ್ದು ಒಂದು. ಬರೀ ಪಿಯಾನೊ ಮತ್ತು ಒಂದು ಕಂಠ. ಬಂದ ಕೂಡಲೇ ಗೆದ್ದ ಹಾಡಲ್ಲ ಅದು, ಕೆಳಗಿನಿಂದ ವಾರ ವಾರವೂ ಸ್ವಲ್ಪ ಸ್ವಲ್ಪವೇ ಮೇಲೇರಿ ಕೊನೆಗೆ ಪಟ್ಟಿಯ ತುದಿಗೆ ಬಂತು. 2005ರಲ್ಲಿ ಕೆತ್ಸುಮೇಶಿ ತಂಡದ್ದು ಒಂದು, ಅದೇ ವರ್ಷ ಕೊಬುಕುರೊ ಜೋಡಿಯದ್ದು ಇನ್ನೊಂದು. ಮರುವರ್ಷ ಇಕಿಮೊನೊ ಗಾಕಾರಿ. ಒಬ್ಬರು ಹೆಸರನ್ನು ಜಪಾನಿನ ದುಂಡು ಅಕ್ಷರಗಳಲ್ಲಿ ಬರೆದರೆ, ಇನ್ನೊಬ್ಬರು ಚೀನಾದಿಂದ ಬಂದ ಚಿತ್ರಲಿಪಿಯಲ್ಲಿ, ಮತ್ತೊಬ್ಬರು ರೋಮನ್ ಅಕ್ಷರದಲ್ಲಿ ಬರೆದಿದ್ದಾರೆ. ಕೇಳುವ ಕಿವಿಗೆ ಮಾತ್ರ ಎಲ್ಲವೂ ಒಂದೇ. ಅವಕ್ಕೂ ಮೊದಲು, 2000ದಲ್ಲಿ, ಫುಕುಯಾಮಾ ಮಸಹರು 'ಸಾಕುರಾಜಾಕಾ' ಹಾಡಿ 20 ಲಕ್ಷಕ್ಕೂ ಹೆಚ್ಚು ಡಿಸ್ಕ್ ಮಾರಿದ್ದರು. ಸಾಕುರಾಜಾಕಾ ಎಂದರೆ ಟೋಕಿಯೊದ ಓತಾ ವಾರ್ಡ್‌ನಲ್ಲಿ ನಿಜವಾಗಿಯೂ ಇರುವ, ಚೆರಿ ಮರಗಳ ಒಂದು ಏರುರಸ್ತೆ.

ಕೆತ್ಸುಮೇಶಿ ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಒಂದು ಔಷಧಿ ಬೀಜದ ಹೆಸರು, ಹೊಟ್ಟೆ ಸಡಿಲಿಸಲು ಕೊಡುವಂಥದ್ದು. ಯಾವ ಗಿಡದ ಬೀಜ ಎಂದು ಹುಡುಕಿದರೆ ನಮ್ಮ ತಗಚೆ! ಮಳೆಗಾಲದಲ್ಲಿ ಕರಾವಳಿಯ ರಸ್ತೆ ಬದಿಯಲ್ಲೆಲ್ಲ ತಾನಾಗಿ ಹುಟ್ಟುವ, ತುಳುವಿನಲ್ಲಿ ತಜಂಕ್ ಎನ್ನುವ, ಆಟಿ ತಿಂಗಳಲ್ಲಿ ಪಲ್ಯ ಮಾಡುವ ಅದೇ ಸೊಪ್ಪಿನ ಗಿಡ. ಜಪಾನಿನ ಪ್ರಸಿದ್ಧ ತಂಡವೊಂದರ ಹೆಸರು ತಜಂಕ್ ಬೀಜ ಎಂದು ಉಮ್ಮನಿಗೆ ಹೇಳಿದಾಗ ಮೊದಲ ಬಾರಿಗೆ ಅವರು ಪೂರ್ತಿ ಹಾಡು ಕೇಳಿದರು.

ಇವೆಲ್ಲವೂ ಒಳ್ಳೆಯ ಹಾಡುಗಳು ಎಂದು ನಾನು ಹೇಳುವುದಿಲ್ಲ. ಸಾಕುರಾ ಹಾಡುಗಳಲ್ಲಿ ಅರ್ಧಕ್ಕರ್ಧ ಒಂದೇ ಅಚ್ಚಿನವು. ಮೊದಲು ಮೆಲ್ಲಗೆ ಪಿಯಾನೊ, ನಡುವೆ ಪಿಟೀಲುಗಳು, ಕೊನೆಯಲ್ಲಿ ಎಲ್ಲರೂ ಸೇರಿ ಜೋರು. ಎಕೆಬಿ 48ರಂಥ ಹುಡುಗಿಯರ ತಂಡಗಳು ಸುಮಾರು ಪ್ರತಿ ಫೆಬ್ರವರಿ ಮಾರ್ಚ್‌ಗೆ ಒಂದು ಸಾಕುರಾ ಹಾಡು ತರುತ್ತಿದ್ದ ಕಾಲವೂ ಇತ್ತು. ಅವು ಅಂಗಡಿಯ ಸೀಸನ್ ಸರಕಿನಂತೆ ಕೇಳಿಸುತ್ತವೆ. ಆದರೆ ಕೆಲವು ಬೇರೆ. 2021ರಲ್ಲಿ ಯೊರುಶಿಕಾ ಹೊರತಂದ 'ಹಾರು ದೊರೊಬೊ' ಎಂದರೆ ವಸಂತದ ಕಳ್ಳ. ಹೂವನ್ನು ಕದ್ದೊಯ್ಯುವ ಗಾಳಿಯೇ ಅಲ್ಲಿ ಕಳ್ಳ. ಗಿಟಾರ್ ಚುರುಕಾಗಿ ಓಡುತ್ತದೆ, ಆದರೆ ಉಳಿದಿರುವ ಎಸಳುಗಳನ್ನು ಎಣಿಸುವ ಭಯ ಒಳಗೇ ಇದೆ. ಇನ್ನು ಕೊಬುಕುರೊ. ಕೊಬುಚಿ ಮತ್ತು ಕುರೊದಾ ಎಂಬ ಇಬ್ಬರು ಒಸಾಕಾ ಬಳಿಯ ಸಕಾಯ್ ಊರಿನ ಬೀದಿಯಲ್ಲಿ ಹಾಡುತ್ತಾ ಪರಿಚಯವಾದವರು. ಅವರ 2007ರ 'ತ್ಸುಬೊಮಿ', ಅಂದರೆ ಮೊಗ್ಗು, ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆಯಿತು. ಕೊಬುಚಿ ಅದನ್ನು ಬರೆದದ್ದು ತೀರಿಹೋದ ತಾಯಿಗಾಗಿ. ತಾಯಿ ತೀರಿದಾಗ ಅವನಿಗೆ 18 ವರ್ಷ, ಹೆಚ್ಚುಕಡಿಮೆ ನಮ್ಮ ವಯಸ್ಸು.

ಒಂದು ಹೂವಿಗೆ ಇಷ್ಟೊಂದು ಹಾಡು ಯಾಕೆ? ಅದು ಚೆಂದವಾಗಿದೆ ಎಂಬುದಷ್ಟೇ ಕಾರಣವಲ್ಲ. ಕಾರಣ ಕ್ಯಾಲೆಂಡರಿನಲ್ಲಿದೆ. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. 1886ರಲ್ಲಿ ಸರ್ಕಾರ ತನ್ನ ಹಣಕಾಸು ವರ್ಷವನ್ನು ಏಪ್ರಿಲ್‌ನಿಂದ ಎಣಿಸಲು ತೊಡಗಿತು, ಶಾಲೆಗಳು ಒಂದೊಂದಾಗಿ ಹಿಂದೆ ಬಂದವು. ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯ ಮಾತ್ರ 1921ರವರೆಗೂ ಸೆಪ್ಟೆಂಬರನ್ನೇ ಹಿಡಿದುಕೊಂಡಿತ್ತು. ಕಂಪನಿಗಳು ಹೊಸಬರನ್ನು ಸೇರಿಸಿಕೊಳ್ಳುವುದೂ ಏಪ್ರಿಲ್ 1ಕ್ಕೆ, ನೌಕರರ ವರ್ಗಾವಣೆಯೂ ಹೆಚ್ಚಾಗಿ ಆಗಲೇ. ಅಂದರೆ ಮಾರ್ಚ್ ಕೊನೆಗೆ ಇಡೀ ದೇಶ ಒಟ್ಟಿಗೆ ಗಂಟುಮೂಟೆ ಕಟ್ಟುತ್ತದೆ. ಅಮೆರಿಕದ ಮಕ್ಕಳಿಗೆ, ಬ್ರಿಟನ್ನಿನ ಮಕ್ಕಳಿಗೆ ಇದು ಅಷ್ಟು ಸುಲಭವಾಗಿ ಅರ್ಥವಾಗಲಿಕ್ಕಿಲ್ಲ, ಅವರ ಶಾಲೆ ಮುಗಿಯುವುದು ಬೇಸಗೆಯಲ್ಲಿ. ನಮಗೆ ಅರ್ಥವಾಗುತ್ತದೆ. ಫೆಬ್ರವರಿಯಲ್ಲಿ ಪ್ರಾಕ್ಟಿಕಲ್, ಮಾರ್ಚ್‌ನಲ್ಲಿ ಹಾಲ್ ಟಿಕೆಟ್, ಆಮೇಲೆ ಯಾರು ಎಲ್ಲಿಗೋ.

ಆದರೆ ಒಂದು ವಿಷಯ ನನಗೆ ತಿಳಿದದ್ದು ತಡವಾಗಿ. ಹಾಡುಗಳಲ್ಲಿ ಬೀಳ್ಕೊಡುಗೆಯ ದಿನ ತಲೆಯ ಮೇಲೆ ಹೂವು ಉದುರುತ್ತಿರುತ್ತದೆ. ನಿಜದಲ್ಲಿ ಜಪಾನಿನ ಹೈಸ್ಕೂಲುಗಳ ಬೀಳ್ಕೊಡುಗೆ ಹೆಚ್ಚಾಗಿ ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ. ಟೋಕಿಯೊದಲ್ಲಿ ಚೆರಿ ಅರಳಲು ಶುರುವಾಗುವುದು ಸರಾಸರಿ ಮಾರ್ಚ್ 24ಕ್ಕೆ. ಅದಕ್ಕೂ ಒಂದು ಕ್ರಮವಿದೆ. ಹವಾಮಾನ ಇಲಾಖೆಯವರು ಗುರುತು ಮಾಡಿಟ್ಟ ಒಂದು ಮರದಲ್ಲಿ ಐದಾರು ಹೂವು ಬಿಟ್ಟ ಮೇಲಷ್ಟೇ 'ಅರಳಿತು' ಎಂದು ಘೋಷಣೆ. ಉತ್ತರದ ಸಪ್ಪೊರೊದಲ್ಲಿ ಅದು ಮೇ ತಿಂಗಳ ಆರಂಭ. ಅಲ್ಲಿನ ಮಕ್ಕಳು ಹಿಮದ ನಡುವೆ ನಿಂತು ಚೆರಿ ಹೂವಿನ ಹಾಡು ಹಾಡಿ ಬೀಳ್ಕೊಳ್ಳುತ್ತಾರೆ. ನಮ್ಮ ಗೇಟಿನ ಬಳಿ ಇರುವ ಗುಲ್‌ಮೊಹರ್ ಮರದ ಹಾಗೆಯೇ. ಅದು ಕೆಂಪಾಗುವಾಗ ಕಾಲೇಜು ಖಾಲಿ, ನೋಡುವವರು ಆಫೀಸಿನವರು ಮತ್ತು ವಾಚ್‌ಮ್ಯಾನ್ ಮಾತ್ರ.

ಇದೇ ಹೂವು ಪರೀಕ್ಷೆಯ ಫಲಿತಾಂಶವನ್ನೂ ಹೇಳುತ್ತಿತ್ತು. ಟೆಲಿಗ್ರಾಮ್ ಇದ್ದ ಕಾಲದಲ್ಲಿ ದೂರದ ಊರಿನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಸುದ್ದಿ ಎರಡು ಪದಗಳಲ್ಲಿ ಬರುತ್ತಿತ್ತು. ಪಾಸಾದರೆ ಸಾಕುರಾ ಅರಳಿತು, ಇಲ್ಲದಿದ್ದರೆ ಸಾಕುರಾ ಉದುರಿತು. ವೆಬ್‌ಸೈಟಿನಲ್ಲಿ ರಿಜಿಸ್ಟರ್ ನಂಬರ್ ಒತ್ತಿ, ತಿರುಗುವ ಚಕ್ರವನ್ನು ನೋಡುತ್ತಾ ಕೂರುವ ನಮಗಿಂತ ಅವರ ಪಾಡು ಮೇಲೋ ಕೆಳಗೋ ಗೊತ್ತಿಲ್ಲ. ನಮಗಂತೂ ಈಗ ಒಂದಕ್ಕಿಂತ ಹೆಚ್ಚು ಸಲ ಅರಳುವ ಅವಕಾಶವಿದೆ.

ಹೂವಿಲ್ಲದ ವಸಂತದ ಹಾಡುಗಳೂ ಇವೆ. 'ನಗೊರಿ ಯುಕಿ' ಎಂದರೆ ಚಳಿಗಾಲ ಮುಗಿದ ಮೇಲೂ ಬೀಳುವ ಕೊನೆಯ ಹಿಮ. ಟೋಕಿಯೊ ಬಿಟ್ಟು ಊರಿಗೆ ಮರಳುವ ಒಬ್ಬಳನ್ನು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬೀಳ್ಕೊಡುವ ಹಾಡು. ಬರೆದವರು ಇಸೆ ಶೊಜೊ, 1974ರಲ್ಲಿ. ಮರುವರ್ಷ ಇರುಕಾ ಎಂಬ ಗಾಯಕಿ ಹಾಡಿ ಮನೆಮನೆಗೆ ತಲುಪಿಸಿದರು. ಇಸೆ ಅವರ ಊರು ತ್ಸುಕುಮಿ. ಆ ಊರಿನ ಸ್ಟೇಷನ್‌ನಲ್ಲಿ ರೈಲು ಬರುವಾಗ ಈಗಲೂ ಇದೇ ಹಾಡಿನ ಧಾಟಿ ಮೊಳಗುತ್ತದೆ. ಅವಕ್ಕೂ ಹಿಂದಿನವು ಮೇಜಿ ಕಾಲದ ಶಾಲಾ ಹಾಡುಗಳು. 1884ರ 'ಆವೊಗೆಬಾ ತೊತೊಶಿ' ಗುರುಗಳಿಗೆ ಕೃತಜ್ಞತೆ ಹೇಳುವ ಹಾಡು. ಅದರ ಮೂಲ ಯಾವುದೆಂದು ನೂರಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿದಿರಲಿಲ್ಲ. 2011ರಲ್ಲಿ ಒಬ್ಬ ಪ್ರಾಧ್ಯಾಪಕರು ಹುಡುಕಿ ತೆಗೆದರು: 1871ರಲ್ಲಿ ಅಮೆರಿಕದಲ್ಲಿ ಅಚ್ಚಾದ, ಶಾಲೆಯ ಕೊನೆಯ ದಿನಕ್ಕೆಂದೇ ಬರೆದ ಒಂದು ಹಾಡು. 'ಹೊತಾರು ನೊ ಹಿಕಾರಿ' ಎಂಬ ಇನ್ನೊಂದರ ಧಾಟಿ ಸ್ಕಾಟ್ಲೆಂಡಿನದು. ಇಂದು ಜಪಾನಿನ ಅಂಗಡಿಗಳಲ್ಲಿ ಆ ಧಾಟಿ ಕೇಳಿಸಿದರೆ ಬಾಗಿಲು ಹಾಕುವ ಹೊತ್ತಾಯಿತು, ಎದ್ದು ಹೊರಡಿ ಎಂದರ್ಥ. ನಮ್ಮ ಲೈಬ್ರರಿಗೂ ಇಂಥದ್ದೊಂದು ಇದ್ದಿದ್ದರೆ ಲೈಬ್ರರಿಯನ್ ಮೇಡಂಗೆ ಗಂಟಲು ನೋವು ತಪ್ಪುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಒಂದು ಸಣ್ಣ ಊರಿನ ಶಾಲೆಯದು. ಸೈತಾಮಾ ಪ್ರಾಂತ್ಯದ ಚಿಚಿಬು ಎಂಬಲ್ಲಿ ಕಾಗೆಮೊರಿ ಜೂನಿಯರ್ ಹೈಸ್ಕೂಲ್. ಕೊಜಿಮಾ ನೊಬೊರು ಅಲ್ಲಿಗೆ ಪ್ರಿನ್ಸಿಪಾಲ್ ಆಗಿ ಬಂದಾಗ ಶಾಲೆಯ ಶಿಸ್ತು ಅಷ್ಟು ಚೆನ್ನಾಗಿರಲಿಲ್ಲ. ಅದನ್ನು ಹಾಡು ಕೇಳಿಸುವ ಶಾಲೆಯಾಗಿ ಮಾಡಬೇಕೆಂದು ಅವರು ಹೊರಟರು. ಸಂಗೀತದ ಟೀಚರ್ ಜೊತೆಗಿದ್ದರು. ಕೆಲವು ವರ್ಷಗಳಲ್ಲಿ ಮಕ್ಕಳು ಹಾಡತೊಡಗಿದರು. 1991ರಲ್ಲಿ ಹೊರಹೋಗುವ ಮಕ್ಕಳಿಗೆ ಏನಾದರೂ ಕೊಡಬೇಕು ಎಂದುಕೊಂಡ ಆ ಟೀಚರ್, ನೀವೇ ಒಂದು ಹಾಡು ಬರೆದುಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದರು. ನನಗೆ ಅಂಥದ್ದೆಲ್ಲ ಬರುವುದಿಲ್ಲ ಎಂದುಬಿಟ್ಟರು ಅವರು. ಮರುದಿನ ಬೆಳಿಗ್ಗೆ ನೋಡಿದರೆ ಟೀಚರ ಮೇಜಿನ ಮೇಲೆ ಬರೆದ ಕಾಗದ ಇತ್ತು. ಟೀಚರ್ ಕೂಡಲೇ ಅದಕ್ಕೆ ರಾಗ ಹಾಕಿದರು. ಬೀಳ್ಕೊಡುಗೆಯ ಕಾರ್ಯಕ್ರಮದಲ್ಲಿ ಶಿಕ್ಷಕರೆಲ್ಲ ವೇದಿಕೆ ಹತ್ತಿ, ಮಕ್ಕಳಿಗೆ ಗೊತ್ತಿಲ್ಲದಂತೆ ಕಲಿತಿದ್ದ ಆ ಹಾಡನ್ನು ಹಾಡಿದರು. ಅದೇ 'ತಬಿದಾಚಿ ನೊ ಹಿ ನಿ', ಹೊರಡುವ ದಿನಕ್ಕೆ. ಪ್ರಿನ್ಸಿಪಾಲರು ನಿವೃತ್ತರಾದದ್ದೂ ಅದೇ ವರ್ಷ. ಆ ಒಂದು ದಿನಕ್ಕಾಗಿ ಹುಟ್ಟಿದ ಹಾಡು ಮೊದಲು ಸುತ್ತಲಿನ ಶಾಲೆಗಳಿಗೆ, ಆಮೇಲೆ ಇಡೀ ಜಪಾನಿಗೆ ಹರಡಿತು. ಇಂದು ಪಾಪ್ ಹಾಡುಗಳನ್ನೂ ಹಿಂದಿಕ್ಕಿ ಬೀಳ್ಕೊಡುಗೆ ದಿನ ಅತಿ ಹೆಚ್ಚು ಹಾಡುವ ಹಾಡುಗಳಲ್ಲಿ ಅದೂ ಒಂದು. ನಮ್ಮ ಪ್ರಿನ್ಸಿಪಾಲ್ ಸರ್ ಈ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ ಎಂದು ನನಗೆ ಗೊತ್ತು. ನಾನು ಸುಮ್ಮನೆ ಒಂದು ಕತೆ ಹೇಳಿದೆ, ಅಷ್ಟೇ ಸರ್.

ಈ ಹಾಡುಗಳನ್ನು ಒಂದು ವರ್ಷದಿಂದ ಕೇಳುತ್ತಿರುವ ನನ್ನ ತಲೆಯಲ್ಲಿ ಒಂದು ಮುಳ್ಳು ಉಳಿದಿದೆ. ಅದನ್ನು ಹೇಳಲು ಸ್ವಲ್ಪ ಜೀವಶಾಸ್ತ್ರ ಬೇಕು, ಕಾಮರ್ಸ್‌ನವರು ಕ್ಷಮಿಸಬೇಕು. ಜಪಾನಿನ ಶಾಲೆಗಳಲ್ಲಿ, ನದಿ ದಂಡೆಗಳಲ್ಲಿ ಸಾಲಾಗಿ ನಿಂತ ಚೆರಿ ಮರಗಳು ಹೆಚ್ಚಾಗಿ ಸೊಮೇಯ್ ಯೊಶಿನೊ ಎಂಬ ಒಂದೇ ತಳಿ. ಇಂದಿನ ಟೋಕಿಯೊದ ಒಳಗೆ ಸೇರಿಹೋಗಿರುವ ಸೊಮೇಯ್ ಎಂಬ ಹಳ್ಳಿಯ ತೋಟಗಾರರಿಂದ ಹರಡಿದ್ದು. ಬೀಜದಿಂದ ಅದು ಹಾಗೆಯೇ ಹುಟ್ಟುವುದಿಲ್ಲ, ಕಸಿ ಕಟ್ಟಿಯೇ ಬೆಳೆಸಬೇಕು. ಅಂದರೆ ನಮ್ಮ ಪಠ್ಯದಲ್ಲಿ ಓದಿದ ಹಾಗೆ, ಎಲ್ಲ ಮರಗಳೂ ಒಂದೇ ಮರದ ಪ್ರತಿಗಳು, ತದ್ರೂಪಿಗಳು. ಅದಕ್ಕೇ ಒಂದು ಊರಿನಲ್ಲಿ ಅವು ಒಂದೇ ಸಲಕ್ಕೆ ಅರಳಿ, ಒಂದೆರಡು ವಾರದೊಳಗೆ ಒಟ್ಟಿಗೇ ಉದುರುತ್ತವೆ. ಬೆಟ್ಟದಲ್ಲಿ ಬೀಜದಿಂದ ಹುಟ್ಟಿದ ಯಮಜಾಕುರಾ ಎಂಬ ಕಾಡು ಚೆರಿ ಹಾಗಲ್ಲ. ಅಲ್ಲಿ ಒಂದೊಂದು ಮರದ್ದು ಒಂದೊಂದು ದಿನ. ಒಂದು ಅರಳುವಾಗ ಪಕ್ಕದ್ದು ಆಗಲೇ ಉದುರಿ ಮುಗಿದಿರುತ್ತದೆ.

ಬೀಳ್ಕೊಡುಗೆ ಹಾಡುಗಳೆಲ್ಲ ಆ ಕಸಿ ಮರಗಳ ಹಾಗೆ. ಎಲ್ಲರೂ ಒಂದೇ ದಿನ, ಒಂದೇ ಗೇಟಿನಿಂದ, ಒಟ್ಟಿಗೆ ಹೊರಡುತ್ತಾರೆ ಎಂದು ಅವು ನಂಬಿವೆ. ನಾವು ಹಾಗೆ ಹೊರಡುವವರಲ್ಲ.

ಪ್ರಥಮ ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಅವಳ ತಂದೆಗೆ ಹುಷಾರಿಲ್ಲದೆ ಮನೆ ಖಾಲಿ ಮಾಡಿ ಅಜ್ಜಿಯ ಊರಿಗೆ ಹೋದರು. ಮೊದಲ ವಾರ ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮೂರನೆಯ ವಾರ ಲೆಕ್ಚರರ್ ಆ ಹೆಸರು ಬಿಟ್ಟು ಮುಂದಿನದಕ್ಕೆ ಹೋದರು. ಅಷ್ಟೇ, ಮುಗಿಯಿತು. ಹೂವೂ ಇಲ್ಲ, ಹಾಡೂ ಇಲ್ಲ, ಸ್ಲ್ಯಾಮ್ ಬುಕ್ಕಿನಲ್ಲಿ ಒಂದು ಪುಟವೂ ಇಲ್ಲ. ಅವಳ ಬಯಾಲಜಿ ರೆಕಾರ್ಡ್ ಈಗಲೂ ನನ್ನ ಹತ್ತಿರ ಇದೆ. ದಾಸವಾಳದ ಉದ್ದಸೀಳಿಕೆಯನ್ನು ಅವಳಷ್ಟು ಚೆಂದ ನಮ್ಮಲ್ಲಿ ಯಾರೂ ಬಿಡಿಸುತ್ತಿರಲಿಲ್ಲ.

ಅಣ್ಣನ ಬ್ಯಾಚಿನದು ಬೇರೆ ಕತೆ. 2020ರಲ್ಲಿ ಅವರ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಮಾರ್ಚ್ 23ಕ್ಕೆ ಇದ್ದದ್ದು ಮುಂದಕ್ಕೆ ಹೋಗಿ ಜೂನ್ 18ಕ್ಕೆ ನಡೆಯಿತು. ಕೊನೆಯ ಪೇಪರ್ ಮುಗಿಸಿ ಗೇಟಿನ ಹೊರಗೆ ಕಬ್ಬಿನ ಹಾಲು ಕುಡಿಯುತ್ತಾ ಸಂಜೆಯವರೆಗೆ ನಿಲ್ಲುವ ಮಧ್ಯಾಹ್ನ ಅವರಿಗೆ ಸಿಗಲೇ ಇಲ್ಲ. ಮಾಸ್ಕ್ ಹಾಕಿ ಬಂದರು, ದೂರ ದೂರ ಕೂತು ಬರೆದರು, ಮನೆಗೆ ಹೋದರು. ಅದೇ ಮಾರ್ಚ್‌ನಲ್ಲಿ ಜಪಾನಿನಲ್ಲೂ ಶಾಲೆಗಳು ಮುಚ್ಚಿದ್ದವು. ಎಷ್ಟೋ ಕಡೆ ಕಿರಿಯ ತರಗತಿಯವರಿಲ್ಲದೆ, ಹಾಡಿಲ್ಲದೆ ಬೀಳ್ಕೊಡುಗೆ ಮುಗಿಸಿದರು. ಆದರೂ ಅದು ಎಲ್ಲರಿಗೂ ಒಟ್ಟಿಗೆ ತಪ್ಪಿದ ದಿನ. ನನ್ನ ಗೆಳತಿಗೆ ತಪ್ಪಿದ್ದು ಅವಳೊಬ್ಬಳಿಗೇ.

ಮಧ್ಯದಲ್ಲಿ ಹೋದವರಿಗೆ ಈ ಹಾಡುಗಳಲ್ಲಿ ಜಾಗ ಇಲ್ಲವೇ ಎಂದು ಹುಡುಕಿದೆ. ಎರಡು ಸಿಕ್ಕವು.

ಒಂದು ಒಝಾಕಿ ಯುತಾಕಾ ಅವನದು. 1985ರ 'ಸೊತ್ಸುಗ್ಯೊ', ಅಂದರೆ ಶಾಲೆ ಮುಗಿಸಿ ಹೊರಬರುವುದು. ಆ ವರ್ಷ ಅದೇ ಹೆಸರಿನ ಹಾಡುಗಳನ್ನು ಬೇರೆಯವರೂ ತಂದರು, ಸೈತೊ ಯುಕಿ ಒಬ್ಬರು, ಕಿಕುಚಿ ಮೊಮೊಕೊ ಇನ್ನೊಬ್ಬರು. ಅವು ಮೆದು ಹಾಡುಗಳು. ಒಝಾಕಿಯದು ಸಿಟ್ಟಿನ ರಾಕ್. ರಾತ್ರಿ ಶಾಲೆಯ ಕಿಟಕಿ ಗಾಜು ಒಡೆಯುವ ಹುಡುಗ ಅದರಲ್ಲಿದ್ದಾನೆ. ಯಾರೂ ಗಾಬರಿಯಾಗಬೇಕಿಲ್ಲ, ನಮ್ಮ ಕಿಟಕಿಗಳಿಗೆ ನನ್ನಿಂದ ಅಪಾಯವಿಲ್ಲ. ಕೊನೆಗೆ ಆ ಹಾಡು ಕೇಳುವುದು, ಇಲ್ಲಿಂದ ಹೊರಬಂದರೆ ನಿಜವಾಗಿ ಏನಾದರೂ ಮುಗಿಯುತ್ತದೆಯೇ ಎಂದು. ಅದನ್ನು ಬರೆದವನು ಶಾಲೆ ಮುಗಿಸಿದವನೇ ಅಲ್ಲ. ಹೈಸ್ಕೂಲನ್ನು ಅರ್ಧದಲ್ಲೇ ಬಿಟ್ಟ. 1984ರ ಮಾರ್ಚ್ 15ರಂದು ಅವನ ಸಹಪಾಠಿಗಳು ಬೀಳ್ಕೊಡುಗೆಯ ಸಾಲಿನಲ್ಲಿ ನಿಂತಿದ್ದ ದಿನವೇ ಅವನು ಟೋಕಿಯೊದ ಶಿಂಜುಕುವಿನ ಒಂದು ಪುಟ್ಟ ಹಾಲ್‌ನಲ್ಲಿ ತನ್ನ ಮೊದಲ ಕಾರ್ಯಕ್ರಮ ಕೊಟ್ಟ. ವಯಸ್ಸು 18. 26ಕ್ಕೆ ತೀರಿಕೊಂಡ. ಬೀಳ್ಕೊಡುಗೆಯ ಬಗ್ಗೆ ಜಪಾನಿನ ಅತಿ ಪ್ರಸಿದ್ಧ ರಾಕ್ ಹಾಡು ಬೀಳ್ಕೊಡುಗೆ ಸಿಗದವನದು.

ಇನ್ನೊಂದು ಯಮನಾಶಿಯ ಮೂವರು ಗೆಳೆಯರ ರೆಮಿಯೊರೊಮೆನ್ ತಂಡದ್ದು. ಹಾಡಿನ ಹೆಸರು 'ಮಾರ್ಚ್ 9'. 2004ರ ಮಾರ್ಚ್ 9ರಂದೇ ಬಿಡುಗಡೆಯಾಯಿತು. ಇದು ಬೀಳ್ಕೊಡುಗೆಗೆ ಬರೆದದ್ದೇ ಅಲ್ಲ, ಗೆಳೆಯರೊಬ್ಬರ ಮದುವೆಗೆ ಬರೆದದ್ದು. ಮದುವೆಯ ದಿನ ಮಾರ್ಚ್ 9, ಅದಕ್ಕೆ ಆ ಹೆಸರು. ಹೀಗೆ ದಾರಿ ಬದಲಿಸಿದ ಹಾಡು ಇದೊಂದೇ ಅಲ್ಲ. 1979ರ 'ಒಕುರು ಕೊತೊಬಾ' ಮುರಿದ ಪ್ರೀತಿಯ ಹಾಡು, ಆದರೆ ಕಿನ್ಪಾಚಿ ಎಂಬ ಮೇಷ್ಟ್ರ ಟಿವಿ ಧಾರಾವಾಹಿಗೆ ಬಂದದ್ದರಿಂದ ಶಾಲೆಗಳ ಹಾಡಾಯಿತು. ಅದನ್ನು ಗಿಟಾರ್ ಹೊಡೆದು ಮತ್ತೆ ಹಾಡಿದ ಫ್ಲೋ ತಂಡವೇ ನರುಟೊದ 'ಗೋ' ಹಾಡಿದವರು, ನೋಡಿ. 'ಮಾರ್ಚ್ 9' ದಾರಿ ಬದಲಿಸಿದ್ದೂ ಒಂದು ಧಾರಾವಾಹಿಯಿಂದ, 2005ರ 'ಒಂದು ಲೀಟರ್ ಕಣ್ಣೀರು'. ಕಿತೊ ಆಯಾ ಎಂಬ ಹುಡುಗಿಯ ದಿನಚರಿಯಿಂದ ಮಾಡಿದ್ದು. ಅವಳಿಗೆ ನರಗಳು ಮೆಲ್ಲಮೆಲ್ಲಗೆ ಕೆಡುವ ಕಾಯಿಲೆ, ನಡೆಯಲು, ಬರೆಯಲು, ಮಾತನಾಡಲು ಆಗದಂತೆ ಮಾಡುವಂಥದ್ದು. 1988ರಲ್ಲಿ 25ನೇ ವಯಸ್ಸಿನಲ್ಲಿ ತೀರಿಕೊಂಡಳು. ಧಾರಾವಾಹಿಯಲ್ಲಿ ಅವಳು ತನ್ನ ಹೈಸ್ಕೂಲನ್ನು ನಡುವೆಯೇ ಬಿಟ್ಟು ಅಂಗವಿಕಲ ಮಕ್ಕಳ ಶಾಲೆಗೆ ಹೋಗಬೇಕಾಗುತ್ತದೆ. ಆಗ ಅವಳ ತರಗತಿಯವರು ಅವಳೊಬ್ಬಳಿಗಾಗಿ 'ಮಾರ್ಚ್ 9' ಹಾಡುತ್ತಾರೆ. ಆಮೇಲೆ ಆ ಹಾಡು ಜಪಾನಿನ ಎಲ್ಲ ಶಾಲೆಗಳ ಬೀಳ್ಕೊಡುಗೆಗೆ ಬಂತು.

ಈ ಭಾಗವನ್ನು ನಾನು ಎರಡನೇ ಸಲ ನೋಡಲಿಲ್ಲ. ನೋಡಲು ಆಗಲಿಲ್ಲ. ಆದರೆ ಅದರಿಂದ ನನಗೆ ಒಂದು ಯೋಚನೆ ಬಂತು, ಅದನ್ನು ಬರೆಯಲೆಂದೇ ಈ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ಫೆಬ್ರವರಿಯಲ್ಲಿ ನಮ್ಮ ಬೀಳ್ಕೊಡುಗೆ ಸಮಾರಂಭ ಇದೆ. ಕಮಿಟಿ ಆಗಿದೆ, ತಲಾ 250 ರೂಪಾಯಿ ಎಂದೂ ತೀರ್ಮಾನ ಆಗಿದೆ, ಬಿರಿಯಾನಿಗೆ ಯಾರ ಕೇಟರಿಂಗ್ ಎಂಬ ಜಗಳವೂ ಮುಗಿದಿದೆ. ಕಮಿಟಿಯವರ ಕೈಯಲ್ಲಿರುವುದು ದ್ವಿತೀಯ ಪಿಯುಸಿಯ ಹಾಜರಿ ಪಟ್ಟಿ. ನಾನು ನಮ್ಮ ಕ್ಲಾಸ್ ಮೆಂಟರ್ ಮೇಡಂ ಹತ್ತಿರ ಹೋಗಿ ಪ್ರಥಮ ಪಿಯುಸಿಯ ಪಟ್ಟಿ ಕೇಳಿದೆ. ಯಾಕೆ ಎಂದು ಕೇಳಿದರು, ಹೇಳಿದೆ. ಮೇಡಂ ಮಾತನಾಡದೆ ಕಪಾಟಿನಿಂದ ತೆಗೆದುಕೊಟ್ಟರು. ಪ್ರಥಮ ಪಿಯುಸಿಯಲ್ಲಿ ನಮ್ಮ ವಿಭಾಗದಲ್ಲಿ 58 ಹೆಸರುಗಳಿದ್ದವು. ಈಗ 52.

ಆ ಆರು ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಒಬ್ಬಳಿಗೆ ಮದುವೆಯಾಗಿದೆ. ಒಬ್ಬ ಬೆಂಗಳೂರಿನ ಬೇಕರಿಯಲ್ಲಿದ್ದಾನೆ. ಒಬ್ಬ ತನ್ನ ಮಾವನ ಮೀನಿನ ಲಾರಿಗೆ ಲೆಕ್ಕ ಬರೆಯುತ್ತಾನೆ. ಒಬ್ಬಳು ಬೇರೆ ಕಾಲೇಜಿಗೆ ಸೇರಿ ನಮಗಿಂತ ಚೆನ್ನಾಗಿ ಓದುತ್ತಿದ್ದಾಳೆ. ಇನ್ನೊಬ್ಬನ ನಂಬರಿಗೆ ಹೊಡೆದರೆ ಬೇರೆ ಯಾರೋ ಎತ್ತುತ್ತಾರೆ. ಆರನೆಯವಳು ನನ್ನ ಗೆಳತಿ. ಅವರ ಪಾಲಿನ 250 ರೂಪಾಯಿಯನ್ನು ನಾವು 52 ಜನ ಹಂಚಿಕೊಂಡರೆ ತಲೆಗೆ 30 ರೂಪಾಯಿಯೂ ಆಗುವುದಿಲ್ಲ, ಲೆಕ್ಕ ಮಾಡಿದ್ದೇನೆ. ಬೇರೆ ವಿಭಾಗಗಳಲ್ಲೂ ಇಂಥವರು ಇರಬೇಕು. ನಿಮ್ಮ ನಿಮ್ಮ ಪ್ರಥಮ ಪಿಯುಸಿ ಪಟ್ಟಿಯನ್ನು ಒಮ್ಮೆ ತೆಗೆಸಿ ನೋಡಿ.

ಗೆಳತಿಗೆ ಕಳೆದ ಶುಕ್ರವಾರ ಫೋನ್ ಮಾಡಿದೆ. ಅವಳೀಗ ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಯಾವ ಡ್ರೆಸ್ ಹಾಕಿ ಬರಲಿ, ನನಗೆ ಯೂನಿಫಾರ್ಮ್ ಇಲ್ಲವಲ್ಲ" ಎಂದಳು. ಆ ದಿನ ಯಾರಿಗೂ ಯೂನಿಫಾರ್ಮ್ ಇಲ್ಲ ಎಂದೆ. ಆಮೇಲೆ, "ಬೆಳಿಗ್ಗೆ ಆದರೆ ಕಷ್ಟ, ಎರಡು ಗಂಟೆ ಮೇಲೆ ಆದರೆ ಅಕ್ಕನನ್ನು ಕೇಳಿ ಬರುತ್ತೇನೆ" ಎಂದಳು. ಅಕ್ಕ ಎಂದರೆ ಅಂಗಡಿಯವರು. ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ ಎಂದು ಕಾರ್ಡಿನಲ್ಲಿ ಬರೆದಾಗಿದೆ, ಆದರೆ ಅಚ್ಚಿಗೆ ಇನ್ನೂ ಕೊಟ್ಟಿಲ್ಲ. ಮಧ್ಯಾಹ್ನಕ್ಕೆ ಇಡಬಹುದೇ ಎಂದು ಕಮಿಟಿಯವರನ್ನು ಕೇಳಿದ್ದೇನೆ. ಸೋಮವಾರ ಹೇಳುತ್ತೇವೆ ಎಂದಿದ್ದಾರೆ.